ಹಲಗೆಯ ಮೇಲಿನ ನಿಂಬೆಹಣ್ಣು

ಶನಿವಾರ ಬೆಳಿಗ್ಗೆ ಆರು ಗಂಟೆಗೆ ಮನೆ ಒರೆಸಲು ಶುರು ಮಾಡುತ್ತೇನೆ. ಮೂಡಿಗೆರೆ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿರುವ ಈ ಬಾಡಿಗೆ ಮನೆಗೆ ಇರುವುದು ಒಂದು ಹಜಾರ, ಒಂದು ಕೋಣೆ, ಅಡುಗೆಮನೆ. ಮೂವತ್ತು ವರ್ಷ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ವಾರ್ಡನ್ ಆಗಿದ್ದವಳಿಗೆ ಇದೊಂದು ಕೆಲಸವೇ ಅಲ್ಲ. ಆದರೂ ಹಾಸ್ಟೆಲಿನ ವೇಳೆಯನ್ನು ನಾನು ಬಿಟ್ಟಿಲ್ಲ.

ಫಿನಾಯಿಲ್ ಬಳಸುವುದಿಲ್ಲ. ಹಿಂಡಿದ ನಿಂಬೆಯ ಸಿಪ್ಪೆಗಳನ್ನು ಉಪ್ಪು ಬೆರೆಸಿ ಡಬ್ಬಿಯಲ್ಲಿ ಇಟ್ಟಿರುತ್ತೇನೆ. ಬಾಡಿಹೋದ ಹಣ್ಣುಗಳನ್ನೂ ಎಸೆಯುವುದಿಲ್ಲ. ಶನಿವಾರ ಅವೆಲ್ಲವನ್ನೂ ನಾಲ್ಕು ಅಂಟುವಾಳ ಕಾಯಿಯ ಜೊತೆ ಕುದಿಸಿ ಸೋಸಿದರೆ ಒಲೆಯ ಜಿಡ್ಡಿಗೆ, ಕಿಟಕಿಯ ಗಾಜಿಗೆ, ಸಿಂಕಿಗೆ ಬೇರೇನೂ ಬೇಡ. ನಲ್ಲಿಯ ಬಿಳಿ ಕಲೆಗೆ ಅರ್ಧ ಹೋಳು ಸಾಕು. ಮಳೆಗಾಲದಲ್ಲಿ ಬೀರುವಿಗೆ ಬೂಷ್ಟು ಹಿಡಿದರೆ ರಸ ಹಚ್ಚಿ ಒರೆಸಿ, ಬಿಸಿಲು ಕಂಡ ದಿನ ಬಾಗಿಲು ತೆರೆದಿಡಬೇಕು. ಕಡಪ ಕಲ್ಲಿಗೆ ಮಾತ್ರ ತಾಗಿಸಬಾರದು. ಹೊಳಪು ಹೋಗಿ ಬಿಳುಚಿಕೊಳ್ಳುತ್ತದೆ.

ಇದನ್ನೆಲ್ಲ ನನಗೆ ಕಲಿಸಿದವರು ಹಾಸ್ಟೆಲಿನ ಅಡುಗೆಯಮ್ಮ. ಒಬ್ಬ ಹುಡುಗಿಗೆ ಫಿನಾಯಿಲ್ ವಾಸನೆಗೆ ಕೆಮ್ಮು ಬರುತ್ತಿತ್ತು. "ಚಿತ್ರಾನ್ನದ ದಿನ ಒಂದು ಬಕೆಟ್ ಸಿಪ್ಪೆ ಎಸಿತೀವಿ ಮೇಡಂ, ಬೇಯ್ಸಿ ನೋಡಣ" ಎಂದರು. ಬೇಯಿಸಿದೆವು, ಕೆಮ್ಮು ನಿಂತಿತು. ಮರುವಾರವೇ ನಾನು ಅದನ್ನು ಬರೆದು ನೋಟಿಸ್ ಬೋರ್ಡಿಗೆ ಹಾಕಿದೆ.

ನಾನೂ ಅವರೂ ಒಂದೇ ವರ್ಷ ನಿವೃತ್ತರಾದೆವು. ನಾನು ಮದುವೆಯಾದವಳಲ್ಲ. ಅವರು ಎಳೆಯ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವರು, ಮಕ್ಕಳಿಲ್ಲ, ಜಾವಳಿಯಲ್ಲಿ ತಮ್ಮನ ಮನೆಯಿತ್ತು. "ನನ್ನ ಜೊತೆಗೇ ಇದ್ದುಬಿಡಿ" ಎಂದು ನಾನೇ ಕರೆದೆ. ನಾಲ್ಕು ವರ್ಷ ಇದ್ದರು. ಊಟದ ಹೊತ್ತಿಗೆ ನಾನು ಗಡಿಯಾರ ನೋಡಿದರೆ ತಮಾಷೆ ಮಾಡುವರು. "ಗಂಟೆ ಒಂದು ಹೊಡಿಯೋದು ಬಾಕಿ ನೋಡಿ. ಹಾಜರಿ ತಗಳಿ ಮೇಡಂ, ಇರೋಳು ನಾನೊಬ್ಳೇ." ನಾನು ನಗುತ್ತಿದ್ದೆ. ನಕ್ಕು ಸರಿಯಾದ ಹೊತ್ತಿಗೇ ಊಟಕ್ಕೆ ಕೂರುತ್ತಿದ್ದೆ.

ಕಳೆದ ವರ್ಷ ಅವರ ತಮ್ಮನಿಗೆ ಚಿಕ್ಕಮಗಳೂರಿನ ಆಸ್ಪತ್ರೆಯಲ್ಲಿ ಹೊಟ್ಟೆಯ ಆಪರೇಷನ್ ಎಂದು ಗೊತ್ತಾಯಿತು. ಅವರು ಊರಿಗೆ ಹೋಗಿ ಬಂದರು. ಹತ್ತು ದಿನದ ನಂತರ ಒಂದು ಶನಿವಾರ ನಾನು ಎಂದಿನಂತೆ ಬಾಡಿದ ಹಣ್ಣುಗಳನ್ನು ಒಟ್ಟು ಮಾಡಿದೆ. ಒಲೆಯ ಮೇಲಿನ ಹಲಗೆಯಲ್ಲಿ, ಉಪ್ಪಿನಕಾಯಿ ಜಾಡಿಯ ಹಿಂದೆ, ಒಂದು ನಿಂಬೆಹಣ್ಣು ಒಣಗಿ ಗಟ್ಟಿಯಾಗಿತ್ತು. ಮೇಲೆ ಕೆಂಪಗೆ ಏನೋ ಅಂಟಿತ್ತು. ಜಾಡಿಯ ಖಾರ ಇರಬೇಕೆಂದು ತೊಳೆದು, ನಾಲ್ಕು ಹೋಳು ಮಾಡಿ ಪಾತ್ರೆಗೆ ಹಾಕಿದೆ. ಅವರು ಹಾಲು ತೆಗೆದುಕೊಂಡು ಬರುವ ಹೊತ್ತಿಗೆ ಆ ನೀರಿನಲ್ಲಿ ಸಿಂಕು ಉಜ್ಜುತ್ತಿದ್ದೆ.

ಅವರು ಮೊದಲು ಹಲಗೆ ನೋಡಿದರು, ಆಮೇಲೆ ಪಾತ್ರೆ.

"ಮೇಡಂ, ಅದು ಅಮ್ಮನ ಗುಡಿದು."

ಊರಿನ ಗುಡಿಯ ಪೂಜಾರರು ತಮ್ಮನ ಹೆಸರಿನಲ್ಲಿ ಪೂಜೆ ಮಾಡಿ ಕೊಟ್ಟ ಹಣ್ಣು. ಅಂಟಿದ್ದದ್ದು ಕುಂಕುಮ. ಕೊಳೆಯದೆ ಒಣಗಿದರೆ ದೇವಿ ಒಪ್ಪಿದಳು ಎಂದು ಲೆಕ್ಕ. ಕೆಲಸ ಆದ ಮೇಲೆ ಹೊಳೆಗೆ ಬಿಡಬೇಕು. ಹತ್ತು ದಿನದಿಂದ ಅವರು ಬೆಳಿಗ್ಗೆ ಎದ್ದ ಕೂಡಲೇ ಅದನ್ನು ಮುಟ್ಟಿ ನೋಡುತ್ತಿದ್ದರಂತೆ. ಈ ಥಂಡಿಯಲ್ಲೂ ಚೆನ್ನಾಗಿ ಒಣಗುತ್ತಿತ್ತಂತೆ. ಆಪರೇಷನ್ ಸೋಮವಾರ ಇತ್ತು.

ಆಗ ನಾನು ತಪ್ಪಾಯಿತು ಎನ್ನಬೇಕಿತ್ತು. "ಮೊದಲೇ ಹೇಳಬಾರದಿತ್ತಾ? ಎಲ್ಲೆಂದರಲ್ಲಿ ಇಟ್ಟರೆ ನನಗೆ ಹೇಗೆ ಗೊತ್ತಾಗಬೇಕು?" ಎಂದೆ. ಹುಡುಗಿಯರಿಗೆ ಹೇಳುತ್ತಿದ್ದ ದನಿಯಲ್ಲೇ ಹೇಳಿದೆ.

ಅವರು ಹಾಲನ್ನು ಒಲೆಯ ಮೇಲಿಟ್ಟರು. ಭಾನುವಾರ ಬೆಳಿಗ್ಗೆ ಎರಡು ಸೀರೆ ಚೀಲಕ್ಕೆ ತುರುಕಿಕೊಂಡು ಚಿಕ್ಕಮಗಳೂರಿನ ಬಸ್ಸು ಹತ್ತಿದರು.

ಆಪರೇಷನ್ ಸರಿಯಾಗಿ ಆಯಿತು, ತಮ್ಮ ಆಸ್ಪತ್ರೆಯಿಂದ ಮನೆಗೆ ಬಂದ ಎಂದು ಅವರೇ ಫೋನ್ ಮಾಡಿ ತಿಳಿಸಿದರು. ಯಾವಾಗ ಬರುತ್ತೀರಿ ಎಂದರೆ "ನೋಡಣ" ಎಂದರು. ಎರಡು ತಿಂಗಳು ಆ 'ನೋಡಣ'ದಲ್ಲೇ ಹೋಯಿತು. ಬೆಳಿಗ್ಗೆ ಎರಡು ಲೋಟ ಕಾಫಿಯ ಡಿಕಾಕ್ಷನ್ ಹಾಕಿ, ಒಂದನ್ನು ಮಧ್ಯಾಹ್ನ ಬಿಸಿ ಮಾಡಿಕೊಂಡು ಕುಡಿಯುತ್ತಿದ್ದೆ. ಅವರು ವಾಪಸು ಬರುತ್ತಾರೋ ಇಲ್ಲವೋ ಎಂಬುದೊಂದೇ ತಲೆಯಲ್ಲಿತ್ತು. ಕೊನೆಗೆ ಒಂದು ದಿನ ಜಾವಳಿಯ ಬಸ್ಸು ಹತ್ತಿದೆ.

ಅವರ ತಮ್ಮ ಜಗಲಿಯಲ್ಲಿ ಬಿಸಿಲು ಕಾಯಿಸುತ್ತ ಕೂತಿದ್ದರು. "ಅಕ್ಕಾ, ಮೇಡಂ ಬಂದ್ರು, ಉಗುರು ತೋರ್ಸು!" ಎಂದು ಒಳಗೆ ಕೂಗಿದರು. ಅವರು ಹೊರಗೆ ಬಂದು, "ಸುಮ್ನಿರಾ ಮಾರಾಯ, ಹೊಲಿಗೆ ಬಿಚ್ಚಿ ಹೋದಾತು" ಎಂದು ಬೈದು ನನ್ನನ್ನು ಒಳಗೆ ಕರೆದುಕೊಂಡು ಹೋದರು.

ಅವರು ಮಲಗುವ ಕೋಣೆಯ ಕಿಟಕಿಯ ಕಟ್ಟೆಯ ಮೇಲೆ ಬಾಚಣಿಗೆ, ಗಂಡನ ಫೋಟೋ, ಕಿವಿ ಮುರಿದ ಒಂದು ಕಪ್ಪು, ಎಲೆಅಡಿಕೆಯ ಚೀಲ, ಅರ್ಧ ಹೆಣೆದ ಟೋಪಿ ಒಂದರ ಮೇಲೊಂದು ಬಿದ್ದಿದ್ದವು. ಒಂದನ್ನೂ ನಾನು ನಾಲ್ಕು ವರ್ಷದಲ್ಲಿ ನೋಡಿರಲಿಲ್ಲ. ನನ್ನ ಮನೆಯಲ್ಲಿ ಅವೆಲ್ಲ ಅವರ ಟ್ರಂಕಿನೊಳಗಿದ್ದವು ಎಂದು ಆಗ ತಿಳಿಯಿತು. ಫೋಟೋ ಮತ್ತೆ ಕಪ್ಪನ್ನು ಹಿಂದೊಮ್ಮೆ ತಮ್ಮನ ಹೆಂಡತಿ ನಮ್ಮಲ್ಲಿಗೆ ಬಂದಾಗ ಅವರ ಕೈಲಿ ಕಳಿಸಿಬಿಟ್ಟಿದ್ದರಂತೆ, ಉಳಿದವನ್ನು ಸೀರೆಯ ಜೊತೆ ಚೀಲದಲ್ಲಿ ತಂದಿದ್ದರಂತೆ.

"ಅವತ್ತು ನಂದು ತಪ್ಪು," ಎಂದೆ. "ಹಣ್ಣಿನ ವಿಷಯ ಹೇಳ್ತಾ ಇದ್ದೀನಿ. ಅದಕ್ಕಿಂತ ನಾನು ಆಡಿದ ಮಾತು."

"ಅಯ್ಯೋ, ಅದೆಂತ ಬಿಡಿ. ತಮ್ಮ ಎದ್ದು ಕೂತಿದಾನಲ್ಲ. ದೇವಿ ನಿಮ್ಮ ಸಿಂಕ್ ನೋಡಿ ಹೆದರಿರ್ಬೇಕು."

ಇಬ್ಬರೂ ನಕ್ಕೆವು. ಆ ನಗು ಮುಗಿಯುವ ಮೊದಲೇ ಕೇಳಿಬಿಟ್ಟೆ. "ಹಾಗಾದರೆ ಬರ್ತೀರಲ್ಲ?"

ಅವರು ಸೆರಗಿನಲ್ಲಿ ಕೈ ಒರೆಸಿಕೊಂಡರು. "ಸಿಟ್ಟಿಲ್ಲ ಮೇಡಂ, ಆಣೆಗೂ ಇಲ್ಲ. ಆದ್ರೆ ಅಲ್ಲಿ ನಾನು ಇನ್ನೂ ಡ್ಯೂಟಿಲೇ ಇದ್ದೆ. ಇಲ್ಲಿ ಬಂದ್ಮೇಲೆ ರಿಟೈರ್ ಆದೆ ಅನ್ಸ್ತು. ಬಂದು ಹೋಗ್ತಾ ಇರ್ತೀನಿ. ಇರಕ್ಕೆ ಬರಲ್ಲ. ಊಟ ಮಾಡ್ಕೊಂಡು ಹೋಗಿ."

ಊಟ ಮಾಡಿದೆ. ಎರಡೂವರೆಯಾಗಿತ್ತು. ಅಷ್ಟು ತಡವಾಗಿ ನಾನು ಎಂದೂ ಉಂಡಿರಲಿಲ್ಲ.

ಮುಂದಿನ ವಾರ ಜಾವಳಿಯಿಂದ ಜೀಪು ಬಂದು ಅವರ ಟ್ರಂಕು ತೆಗೆದುಕೊಂಡು ಹೋಯಿತು. ಅದು ಇದ್ದ ಕಡೆ ಕೆಂಪು ನೆಲದ ಮೇಲೆ ತುಕ್ಕಿನ ನಾಲ್ಕು ಗುರುತು ಉಳಿದವು. ಶನಿವಾರ ನಿಂಬೆಹೋಳನ್ನು ಉಪ್ಪಿನಲ್ಲಿ ಅದ್ದಿಕೊಂಡು ಕೂತು ಉಜ್ಜಿದೆ. ನಾಲ್ಕೂ ಹೋದವು. ಇಷ್ಟು ಬೇಗ ಹೋಗುತ್ತವೆಂದು ಅಂದುಕೊಂಡಿರಲಿಲ್ಲ. ಟ್ರಂಕು ಸರಿಯಾಗಿ ತಲುಪಿತೇ ಎಂದು ಕೇಳುವ ನೆಪದಲ್ಲಿ ಫೋನ್ ಮಾಡಿದೆ.

"ತಲುಪ್ತು ಮೇಡಂ. ಇವತ್ತು ಶನಿವಾರ ಅಲ್ವಾ, ಒರೆಸಿ ಆಯ್ತಾ?"

"ಆಯ್ತು."

ಅಲ್ಲಿ ಯಾರೋ ಅವರನ್ನು ಕರೆದರು. "ಬಂದೆ ಕಣಾ" ಎಂದು ಅತ್ತ ಹೇಳಿ, "ಇಡ್ತೀನಿ ಮೇಡಂ" ಎಂದು ನನಗೆ ಹೇಳಿ ಫೋನ್ ಇಟ್ಟರು.