ಗೋಗಿಗೆ ಬಂದ ಮೇಡಂ

ಯಾದಗಿರಿಯ ಕಾಲೇಜಿನಲ್ಲಿ ನಮಗೆ ಸೈಬರ್ ಕಾನೂನು ಕಲಿಸುತ್ತಿದ್ದ ಮೇಡಂ, ಯಾರ ಜೊತೆ ಮಾತಿಗೆ ಕೂತರೂ ಮೊದಲು ತಮ್ಮ ಫೋನನ್ನು ಬೋರಲು ಹಾಕಿ ಇಡುತ್ತಿದ್ದರು. "ಸೆಕ್ಷನ್ ಆಮ್ಯಾಲ ನೋಡೂಣು. ಫೋನಿನ ಹಿಂದ ಮನುಷ್ಯಾರು ಇರ್ತಾರ, ಮೊದಲ ಅವರನ್ನ ನೋಡ್ರಿ" ಎಂದು ಪ್ರತಿ ಪಾಠದಲ್ಲೂ ಹೇಳುತ್ತಿದ್ದರು.

ಗೋಗಿ ಎಂಬ ಹಳ್ಳಿಯಿಂದ ಬರುತ್ತಿದ್ದ ನನ್ನ ಗೆಳತಿಯ ಮುಖವನ್ನು ಯಾರೋ ಕೆಟ್ಟ ಚಿತ್ರಕ್ಕೆ ಅಂಟಿಸಿ ವಾಟ್ಸಾಪಿನಲ್ಲಿ ಹರಿಬಿಟ್ಟರು. ಅವಳು ಕಾಲೇಜಿಗೆ ಬರುವುದನ್ನೇ ಬಿಟ್ಟಳು. ಸುದ್ದಿ ತಿಳಿದ ಮೇಡಂ ನನ್ನನ್ನು ಕರೆದುಕೊಂಡು ಅವಳ ಮನೆಗೇ ಹೋದರು.

ಅವಳ ಅಪ್ಪ ಬಾಗಿಲಲ್ಲೇ ನಿಂತು, "ಓದು ಸಾಕ್ರಿ ಮೇಡಂ. ಮಂದಿಗಿ ಮಾರಿ ತೋರಸದಂಗ ಆಗೇತಿ" ಎಂದರು.

"ಮಾಡಿದಾಂವ ಆರಾಮ ತಿರಗ್ಯಾಡಾಕತ್ತಾನ. ಆಕಿ ಯಾಕ ಮನ್ಯಾಗ ಕೂಡಬೇಕ್ರಿ?" ಎಂದು ಮೇಡಂ ಮೆಲ್ಲಗೆ ಕೇಳಿದರು. ಅಪ್ಪ ದಾರಿ ಬಿಟ್ಟರು.

ಮೇಡಂ ಒಳಗೆ ಹೋಗಿ ಗೆಳತಿಯ ಪಕ್ಕ ನೆಲದ ಮೇಲೆ ಕೂತರು. ಅವಳು ಅತ್ತು ಮುಗಿಸುವವರೆಗೂ ಬೆನ್ನು ಸವರುತ್ತಿದ್ದರು. ಕಾನೂನಿನ ಒಂದು ಮಾತೂ ಆಡಲಿಲ್ಲ. ಆಮೇಲೆ, "ಕಂಪ್ಲೇಂಟ್ ಕೊಡ್ತಿ ಏನವ್ವಾ? ನಾ ನಿನ್ನ ಬಾಜೂಕ ಕೂಡ್ತೀನಿ" ಎಂದರು. ಅವಳು ಹೂಂ ಎಂದಳು. ಠಾಣೆಯಲ್ಲಿ ಸಂಜೆಯವರೆಗೂ ಮೇಡಂ ಅವಳ ಕೈ ಬಿಡಲಿಲ್ಲ.

ಕೆಲವು ದಿನಗಳಲ್ಲಿ ಪೊಲೀಸರಿಗೆ ಸಿಕ್ಕಿಬಿದ್ದವನು ಗೆಳತಿಯ ಅಪ್ಪನ ಅಕ್ಕನ ಮಗ. ಆ ಅಕ್ಕ ಬಂದು, ಕೇಸು ಹಿಂದಕ್ಕೆ ತಗೋ ಎಂದು ತಮ್ಮನ ಮುಂದೆ ಅತ್ತಳಂತೆ.

ಮತ್ತೆ ಕ್ಲಾಸಿಗೆ ಬಂದ ಗೆಳತಿ ಅಪ್ಪನ ಉತ್ತರವನ್ನು ಮೇಡಂಗೆ ಹೇಳಿದಳು: "'ನನ್ನ ಯಾಕ ಕೇಳ್ತಿ ಅಕ್ಕಾ? ನನ್ನ ಮಗಳನ್ನ ಕೇಳು' ಅಂದ್ರು ಮೇಡಂ."

ಮೇಡಂ ಬೋರ್ಡಿನ ಕಡೆ ತಿರುಗಿದರು. ಸೆರಗಿನಿಂದ ಕಣ್ಣೊರೆಸಿಕೊಂಡು ಸೀಮೆಸುಣ್ಣ ಕೈಗೆತ್ತಿಕೊಂಡರು.