ಕೌದಿಯ ನಾಲ್ಕನೆಯ ಮೂಲೆ

ಇಂಥ ಸಂಗತಿಗಳನ್ನು ಬೇರೆಯವರು ಹೇಳಿದರೆ ನಾನು ಎದುರಿಗೆ ತಲೆಯಾಡಿಸಿ, ಮನೆಗೆ ಬಂದು ನಗುತ್ತಿದ್ದೆ. ಈಗ ನೀವು ನನ್ನನ್ನು ನಂಬಬೇಕೆಂದು ಕೇಳುವುದಿಲ್ಲ. ಕಂಡದ್ದನ್ನು ಕಂಡ ಕ್ರಮದಲ್ಲೇ ಬರೆಯುತ್ತೇನೆ. ಆ ದಿನ ನನ್ನ ಮನಸ್ಸು ಸ್ವಚ್ಛವಾಗಿರಲಿಲ್ಲ ಎಂಬುದನ್ನೂ ಮೊದಲೇ ಹೇಳಿಬಿಡುತ್ತೇನೆ.

ನಾಲ್ಕು ವರ್ಷದ ಹಿಂದಿನ ಮಾತು. ನಾನು ಕಲಬುರಗಿಯಲ್ಲಿ ಚಿತ್ರಕಲಾ ಶಿಕ್ಷಕಿ, ತವರು ಅಲ್ಲೇ ಹತ್ತಿರದ ಕಮಲಾಪುರ. ಅಲ್ಲಿ ಇನೆಸ್ ಎಂಬ ಮೆಕ್ಸಿಕೊದ ಕಲಾವಿದೆ ಬಾಡಿಗೆ ಮನೆ ಹಿಡಿದಿದ್ದಳು. ಬಟ್ಟೆ, ಹಳೆಯ ಫೋಟೊ, ಮೆಕ್ಕೆಜೋಳದ ಸಿಪ್ಪೆ, ಬಾಳೆಯ ನಾರು ಎಲ್ಲ ಸೇರಿಸಿ ಒಂದಿಡೀ ಕೋಣೆ ತುಂಬುವ ಕಲಾಕೃತಿ ಕಟ್ಟುತ್ತಿದ್ದಳು. ತಾನು ಯಾರು, ಅಜ್ಜಿಯಿಂದ ತನಗೆ ಬಂದದ್ದೇನು ಎಂಬುದೇ ಅವಳ ವಿಷಯ. ಇಪ್ಪತ್ತು ವರ್ಷ ನಾನೂ ನನ್ನ ಊರನ್ನೇ ಚಿತ್ರಿಸಿದ್ದೆ. ಅದನ್ನು ನೋಡಲು ಸಹೋದ್ಯೋಗಿಗಳೂ ಬರಲಿಲ್ಲ. ಅವಳನ್ನು ಕಾಣಲು ಪತ್ರಿಕೆಯವರು ಕಮಲಾಪುರಕ್ಕೇ ಹೋದರು.

ಕಲಬುರಗಿಯಲ್ಲಿ ಐವಾನ್-ಎ-ಶಾಹಿ ಬಡಾವಣೆ ಹತ್ತಿರದ ಒಂದು ಸಭಾಂಗಣದಲ್ಲಿ ಅವಳ ಪ್ರದರ್ಶನವಿತ್ತು. ಹಿಂದಿನ ದಿನ ಸಂಜೆ, ಕಟ್ಟಲು ಕೈಜೋಡಿಸಿ ಎಂದು ಕರೆದಿದ್ದಳು. ಹೋದೆ. ನಡುವೆ, ಹಳೆಯ ಬಟ್ಟೆಯ ತುಂಡುಗಳನ್ನು ಸೇರಿಸಿ ಹೊಲಿದ ಒಂದು ಕೌದಿ ತೂಗುತ್ತಿತ್ತು. ಅದರಲ್ಲಿ ನನ್ನ ಐದನೆಯ ತರಗತಿಯ ನೀಲಿ ಸ್ಕರ್ಟಿನ ತುಂಡಿತ್ತು, ಜೇಬು ಸಹಿತ.

ಅದು ನಮ್ಮ ಅವ್ವ ಹೊಲಿದ ಕೊನೆಯ ಕೌದಿ. ಕೊನೆಯ ಮೂಲೆ ಮುಚ್ಚುವ ಮೊದಲು ಅವ್ವ ಒಳಗೆ ಬಿಸಿ ರೊಟ್ಟಿಯ ಚೂರು ಇಡುತ್ತಿದ್ದಳು. "ಕೌದಿ ಹೊಟ್ಟಿ ಖಾಲಿ ಇರಬಾರ್ದವ್ವಾ," ಅನ್ನುತ್ತಿದ್ದಳು. ಇದರ ನಾಲ್ಕನೆಯ ಮೂಲೆ ತೆರೆದಿರುವಾಗಲೇ ಅವಳು ತೀರಿಕೊಂಡಳು. ಮನೆ ಖಾಲಿ ಮಾಡುವಾಗ, ಈ ಚಿಂದಿ ಯಾರಿಗೆ ಬೇಕೆಂದು ನಾನೇ ಪಕ್ಕದ ಮನೆಯ ಕಾಶವ್ವನಿಗೆ ಕೊಟ್ಟುಬಿಟ್ಟಿದ್ದೆ.

"ಕಾಶವ್ವ ಕೊಟ್ಟಾಳ್ರಿ ಅಕ್ಕಾ," ಎಂದಳು ಇನೆಸ್. ಅವಳು ಬಾಡಿಗೆಗಿದ್ದದ್ದು ಕಾಶವ್ವನ ಓಣಿಯಲ್ಲೇ, ಕನ್ನಡವೆಲ್ಲ ಅಲ್ಲೇ ಕಲಿತದ್ದು. "ಒಂದು ಮೂಲಿ ಬಿಚ್ಚಿತ್ತು. ಎರಡು ತಿಂಗಳಾತು, ನಾನೇ ಹೊಲದೀನಿ."

"ಒಳಗ ಏನರೆ ಇಟ್ಟೀರೇನು?"

"ನಮ್ಮಜ್ಜಿ ಊರಿನ ಮೆಕ್ಕೆಜೋಳ, ಐದು ಕಾಳು. ಕಾಶವ್ವ ಬೈದಳ್ರಿ, 'ಏ ಬಾಯಿ, ರೊಟ್ಟಿ ಬಿಟ್ಟು ಕೋಳಿಗಿ ಹಾಕೋ ಕಾಳು ಇಡ್ತಿಯೇನ?' ಅಂತ." ಅವಳು ನಕ್ಕಳು. ಕೌದಿ ಯಾರದೆಂದು ಕಾಶವ್ವ ಅವಳಿಗೆ ಹೇಳಿದಂತಿರಲಿಲ್ಲ, ಅದು ನನ್ನ ಅವ್ವನದು ಎಂದು ನಾನೂ ಹೇಳಲಿಲ್ಲ.

ಅವಳು ಮೊಳೆ ತರಲು ಹೊರಗೆ ಹೋದಳು. ಸಭಾಂಗಣದಲ್ಲಿ ನಾನೊಬ್ಬಳೇ. ಅವ್ವನ ಕೌದಿಯಲ್ಲಿ ಅವಳ ಕಾಳು ಇರಕೂಡದು ಅನ್ನಿಸಿತು. ಕತ್ತರಿಯಿಂದ ಆ ಮೂಲೆಯ ಹೊಲಿಗೆ ಬಿಚ್ಚಿ ಎರಡು ಬೆರಳು ಹಾಕಿದೆ.

ಕಾಳು ಇರಲಿಲ್ಲ. ಜೋಳದ ರೊಟ್ಟಿಯ ಚೂರಿತ್ತು. ಎರಡು ಬೆರಳಗಲ, ಒಂದು ಬದಿಗೆ ಸುಟ್ಟ ಕಪ್ಪು ಚುಕ್ಕೆ. ಮೆತ್ತಗಿತ್ತು. ಬಿಸಿಯಾಗಿತ್ತು, ಆಗಷ್ಟೇ ಹೆಂಚಿನಿಂದ ತೆಗೆದಷ್ಟು ಬಿಸಿ. ಆ ಕಟ್ಟಡದಲ್ಲಿ ಒಲೆಯಿಲ್ಲ.

ಆಮೇಲೆ ಮಾಡಿದ್ದಕ್ಕೆ ನನ್ನಲ್ಲಿ ಕಾರಣವಿಲ್ಲ. ಅದನ್ನು ಬಾಯಿಗೆ ಹಾಕಿಕೊಂಡೆ. ಮೂಲೆಯನ್ನು ತಿರುವಿ ಕೊಡವಿ ನೋಡಿದೆ, ಬೇರೇನೂ ಇರಲಿಲ್ಲ. ಅಲ್ಲೇ ಬಿದ್ದಿದ್ದ ಕಪ್ಪು ದಾರದಿಂದ ಹೊಲಿದು ಮುಚ್ಚಿದೆ. ಇನೆಸ್ ಬಂದಾಗ ನನ್ನ ಬಾಯಲ್ಲಿ ಇನ್ನೂ ಜೋಳದ ರುಚಿಯಿತ್ತು.

ಮರುದಿನ ಬೆಳಿಗ್ಗೆ ಜನರ ಮುಂದೆ ಅವಳು ಅದೇ ಮೂಲೆ ಹಿಡಿದು, "ಇದರಾಗ ನಮ್ಮಜ್ಜಿ ಅದಾಳ್ರಿ. ಅಕ್ಕಾ, ನೀವೂ ಮುಟ್ಟಿ ನೋಡ್ರಿ," ಎಂದಳು. ಮುಟ್ಟಿದೆ. ನನ್ನ ಕಪ್ಪು ದಾರ ಹಾಗೇ ಇತ್ತು. ಅದರ ಕೆಳಗೆ ಗಟ್ಟಿ ಕಾಳುಗಳು ಸಿಕ್ಕವು. ಒಂದೊಂದನ್ನೇ ಒತ್ತಿ ಎಣಿಸಿದೆ. ಐದು.

ಹೊಲಿಗೆ ಬಿಚ್ಚಿದ ದಿನ ಬೆಳಗಿನಿಂದ ಉಂಡಿರಲಿಲ್ಲ, ಹೊಟ್ಟೆಕಿಚ್ಚಿನಲ್ಲಿ ಭ್ರಮೆಯಾಯಿತು ಎಂದು ನನಗೆ ನಾನೇ ಹೇಳಿ ನೋಡಿದ್ದೇನೆ. ಕೈಬೆರಳು ಒಪ್ಪುವುದಿಲ್ಲ. ಇನೆಸ್‌ಳನ್ನು ಕೇಳಬಹುದು, ಅವಳು ಇಂದಿಗೂ ಕಮಲಾಪುರದಲ್ಲೇ ಇದ್ದಾಳೆ, ಚಳಿಗಾಲದಲ್ಲಿ ಅದನ್ನೇ ಹೊದೆಯುತ್ತಾಳಂತೆ. ಕೇಳಿದರೆ, ಅದು ಯಾರದು, ಯಾರು ಬಿಸಾಕಿದರು ಎಂಬುದನ್ನೂ ಹೇಳಬೇಕಾಗುತ್ತದೆ.

ಅವ್ವ ಬಂದಿದ್ದಳೋ ಇಲ್ಲವೋ ನನಗೆ ಗೊತ್ತಿಲ್ಲ. ಬಂದಿದ್ದರೆ, ಆ ರೊಟ್ಟಿ ನನಗೆಂದು ತಂದಳೋ, ಅಥವಾ ತನ್ನ ಕೌದಿ ಮುಗಿಸಿದವಳಿಗೆ ಇಟ್ಟದ್ದನ್ನು ನಾನು ಕದ್ದು ತಿಂದೆನೋ, ಅದೂ ಗೊತ್ತಿಲ್ಲ.