ಪೆಟ್ಟಿಗೆ ಇದ್ದ ಜಾಗ

ಹೊಳೆಮಣ್ಣೂರಿನ ನಮ್ಮ ಹೊಲದ ಬದುವಿನಲ್ಲಿ ನಾನು ನಾಲ್ಕು ಜೇನುಪೆಟ್ಟಿಗೆ ಸಾಕಿದ್ದೆ. ಅಣೆಕಟ್ಟಿನಿಂದ ಹೊಳೆಗೆ ನೀರು ಬಿಡುತ್ತಾರೆ, ಸಂಜೆಯೊಳಗೆ ಊರು ಖಾಲಿ ಮಾಡಿ ಎಂದು ಜೀಪಿನಲ್ಲಿ ಸಾರಿದಾಗ ಮಧ್ಯಾಹ್ನ ಮೂರು ಗಂಟೆ. ಜೇನು ಸಾಗಿಸುವಾಗ ಹೊತ್ತು ಮುಳುಗುವ ತನಕ ಕಾಯಬೇಕು. ಮೇಯಲು ಹೋದ ಹುಳುಗಳೆಲ್ಲ ಒಳಗೆ ಬಂದ ಮೇಲೆಯೇ ಕಿಂಡಿ ಮುಚ್ಚಬೇಕು. ಗೊತ್ತಿತ್ತು. ಆದರೆ ಟೆಂಪೋದವನು ಕಾಯಲು ಒಪ್ಪಲಿಲ್ಲ.

"ಲಗೂ ಮಾಡ್ರೀ ಅಕ್ಕಾರ, ರಸ್ತೆ ಮ್ಯಾಲ ನೀರ ಬಂದ್ರ ಗಾಡಿ ಹೋಗಂಗಿಲ್ಲ."

ಹಗಲಿನಲ್ಲೇ ಕಿಂಡಿಗಳಿಗೆ ಜಾಳಿಗೆ ಬಡಿದು, ಪೆಟ್ಟಿಗೆಗಳನ್ನು ಹಲವು ಮೈಲಿ ದೂರದ ಜಕ್ಕಲಿಯ ನಮ್ಮಕ್ಕನ ಹಿತ್ತಲಿಗೆ ಒಯ್ದೆ. ಅಷ್ಟು ದೂರ ಹೋದರೆ ಜೇನು ಹಳೆಯ ಜಾಗಕ್ಕೆ ಮರಳುವುದಿಲ್ಲ, ಹೊಸ ದಾರಿ ಕಲಿಯುತ್ತದೆ. ಮರುದಿನ ಬೆಳಿಗ್ಗೆ ಜಾಳಿಗೆ ತೆಗೆದಾಗ ಹುಳುಗಳು ಕಿಂಡಿಯ ಮುಂದೆ ತೂಗಾಡಿ, ಜಾಗ ಗುರುತು ಮಾಡಿಕೊಂಡು ಹಾರಿದವು. ಆದರೆ ಹುಳು ಕಡಿಮೆ ಇದ್ದವು. ಉಳಿದವು ಎಲ್ಲಿ ಎಂಬುದು ನನಗೆ ತಿಳಿದೇ ಇತ್ತು.

ಮೂರನೆಯ ದಿನ ನೀರು ಮೊಣಕಾಲಿಗೆ ಇಳಿಯಿತೆಂದು ಕೇಳಿ, ಜೇನು ಕಟ್ಟಿದ ಹಳೆಯ ಮೇಣದ ಎರಿ ಇದ್ದ ಖಾಲಿ ಪೆಟ್ಟಿಗೆಯೊಂದನ್ನು ಹೊತ್ತು ಊರಿಗೆ ಹೋದೆ. ಮನೆಗಳ ಬಾಗಿಲುಗಳು ತೆರೆದೇ ಇದ್ದವು. ನಾಯಿ, ಕೋಳಿ ಒಂದರ ಸದ್ದೂ ಇರಲಿಲ್ಲ. ನಮ್ಮ ಹೊಲಕ್ಕೆ ಕಳೆ ತೆಗೆಯಲು ಬರುವ ಮುದುಕಿಯೊಬ್ಬಳು ಮಾತ್ರ ತನ್ನ ಮನೆ ನೋಡಲು ಬಂದು ಕಟ್ಟೆಯ ಮೇಲೆ ನಿಂತಿದ್ದಳು.

"ಅತ್ತಾಗ ಹೋಗಬ್ಯಾಡ್ರಿ," ಎಂದಳು. "ಮುಂಜಾನಿಂದ ಏನೋ ಗುಂಯ್‌ಗುಡಾಕತ್ತೈತಿ. ನೋಡಿದ್ರ ಏನೂ ಇಲ್ಲ, ಬರೇ ನೀರು."

ನಾನು ಹೋದೆ. ಪೆಟ್ಟಿಗೆ ಇಟ್ಟಿದ್ದ ಕಬ್ಬಿಣದ ಕಾಲುಮಣೆಗಳು ಕೊಚ್ಚಿಹೋಗಿದ್ದವು. ಆದರೆ ಅವು ಇದ್ದ ನಾಲ್ಕೂ ಜಾಗಗಳಲ್ಲಿ, ನೀರಿನಿಂದ ಗೇಣು ಮೇಲೆ, ಹುಳುಗಳ ನಾಲ್ಕು ಸಣ್ಣ ಗುಂಪು ನಿಂತಲ್ಲೇ ಹಾರುತ್ತಿದ್ದವು. ಎಲ್ಲದರ ಮುಖವೂ ಹಿಂದೆ ಕಿಂಡಿ ಇದ್ದ ಕಡೆಗೆ. ಒಂದು ಹುಳು ಮುಂದೆ ಸರಿಯುತ್ತಿತ್ತು, ಒಳಗೆ ಹೋಗಲು ಏನೂ ಸಿಗದೆ ಹಿಂದಕ್ಕೆ ಬರುತ್ತಿತ್ತು. ಕೆಲವುಗಳ ಕಾಲಿಗೆ ಇನ್ನೂ ಹಳದಿ ಪರಾಗ ಅಂಟಿತ್ತು. ನನ್ನ ಅವಸರದಿಂದ ಹೀಗಾಯಿತು.

ಮೊದಲ ಗುಂಪಿನ ಹತ್ತಿರ ಹೋಗಿ, ಖಾಲಿ ಪೆಟ್ಟಿಗೆಯನ್ನು ಅದೇ ಎತ್ತರಕ್ಕೆ ಎರಡೂ ಕೈಯಲ್ಲಿ ಹಿಡಿದು ನಿಂತೆ. ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಹುಳುಗಳು ನನ್ನ ಕತ್ತಿನ ಮೇಲೆ, ಕಿವಿಯ ಮೇಲೆ ಹರಿದಾಡಿದವು. ಒಂದೂ ಕಚ್ಚಲಿಲ್ಲ. ಅದೇ ಹೆಚ್ಚು ಹೆದರಿಸಿತು. ಒಂದು ಒಳಗೆ ಹೋಯಿತು. ಅದರ ಹಿಂದೆ ಉಳಿದವೂ ಹೋದವು. ನಾಲ್ಕೂ ಕಡೆ ಹಾಗೆ ನಿಂತು ಮುಗಿಸುವಾಗ ಹೊತ್ತು ಮುಳುಗಿತ್ತು.

ಜಕ್ಕಲಿಯಲ್ಲಿ ಆ ಪೆಟ್ಟಿಗೆಯನ್ನು ಅಲ್ಲಿದ್ದ ಜೇನುಪೆಟ್ಟಿಗೆಯೊಂದರ ಮೇಲೆ ಕೂಡಿಸಿ, ಎರಡರ ಹುಳುಗಳಿಗೂ ಜಗಳ ಆಗದಿರಲೆಂದು ನಡುವೆ ಪೇಪರ್ ಹಾಸಿದೆ. ಎರಡು ದಿನದಲ್ಲಿ ಹುಳುಗಳು ಪೇಪರನ್ನು ಕಡಿದು ಒಂದಾದವು.

ಹೊಲ ಒಣಗಿದ ಮೇಲೆ ಪೆಟ್ಟಿಗೆಗಳನ್ನು ಮರಳಿ ತಂದೆ. ಈ ಸಲ ಹುಳುಗಳೆಲ್ಲ ಒಳಗೆ ಸೇರುವ ತನಕ ಕಾದೆ. ಮುದುಕಿ ಹತ್ತಿರ ಬಂದು ಪೆಟ್ಟಿಗೆಯ ಮೇಲೆ ಅಂಗೈ ಇಟ್ಟಳು.

"ಖರೇನ ಒಳಗ ಅದಾವೇನ್ರಿ?"

"ಅದಾವ," ಅಂದೆ.